‘ಹೂಂ, ಆದರೆ…’: ಅಮೆರಿಕದ ಸಂವಿಧಾನ ಒಪ್ಪಿಗೆಯ ಜಗಳವನ್ನು ಮೂಲದಲ್ಲೇ ಓದುವ ಬಗೆ

ಗೈಡ್ ಪುಸ್ತಕಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ಅಮೆರಿಕದ ಸಂವಿಧಾನ 1787ರಲ್ಲಿ ರಚನೆಯಾಯಿತು, 1791ರಲ್ಲಿ ಅದಕ್ಕೆ ಹಕ್ಕುಗಳ ಮಸೂದೆ ಸೇರಿತು.’ ಎರಡು ಇಸವಿ, ನಡುವೆ ಒಂದು ಅಲ್ಪವಿರಾಮ. ಆ ಅಲ್ಪವಿರಾಮದ ಜಾಗದಲ್ಲಿ ನಾಲ್ಕು ವರ್ಷ ಜಗಳ ನಡೆದಿದೆ. ಹಕ್ಕುಗಳು ತಾವಾಗಿ ಬಂದು ‘ಸೇರಲಿಲ್ಲ’. ಸಂವಿಧಾನವೇ ಬೇಡ ಎಂದು ಹಟ ಹಿಡಿದು ಸೋತವರು ಗೆದ್ದವರಿಂದ ವಸೂಲು ಮಾಡಿದ ಬಾಕಿ ಅದು. ಈ ಮಾರ್ಗದರ್ಶಿ ಇರುವುದು ಆ ಜಗಳವನ್ನು ಇನ್ನೊಬ್ಬರ ಸಾರಾಂಶದ ಮೂಲಕವಲ್ಲದೆ, ಜಗಳವಾಡಿದವರ ಮಾತಿನಲ್ಲೇ ಓದಲು.

ಯಾರಿಗೆ ಉಪಯೋಗ? ಕಾನೂನು ವಿದ್ಯಾರ್ಥಿಗಳಿಗೆ, ಕೆಎಎಸ್, ಯುಪಿಎಸ್‌ಸಿಗೆ ಓದುವವರಿಗೆ, ರಾಜ್ಯಶಾಸ್ತ್ರ ಕಲಿಸುವ ಮೇಷ್ಟರಿಗೆ. ಅಮೆರಿಕದಲ್ಲಿ ನೆಲೆಸಿ ಪೌರತ್ವದ ಪರೀಕ್ಷೆಗೆ ಕೂರುವ ನಮ್ಮವರಿಗೂ. ಸಂವಿಧಾನದ ಪರವಾಗಿ ಆಗ ಬಂದ ಫೆಡರಲಿಸ್ಟ್ ಲೇಖನ ಬರೆದವರಲ್ಲಿ ಒಬ್ಬರ ಹೆಸರು ಹೇಳಿ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ, ಉತ್ತರ ಬಾಯಿಪಾಠವೂ ಆಗಿರುತ್ತದೆ. ಆ ಲೇಖನ ಯಾರ ಮಾತಿಗೆ ಉತ್ತರವಾಗಿ ಬಂತು ಎಂದು ಕೇಳಿದರೆ ಎಲ್ಲರೂ ಚಾವಣಿ ನೋಡುತ್ತಾರೆ.

ಬೇಕಾಗಿರುವುದು ನಾಲ್ಕು ಭಾನುವಾರ, ಒಂದು ನೋಟ್‌ಬುಕ್, ಇಂಗ್ಲಿಷ್ ನಿಘಂಟು, ಸ್ವಲ್ಪ ತಾಳ್ಮೆ. ಮೂಲ ದಾಖಲೆಗಳೆಲ್ಲ ಪುಕ್ಕಟೆ. ಅಮೆರಿಕದ ರಾಷ್ಟ್ರೀಯ ದಾಖಲೆಗಾರದ ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ಪತ್ರಗಳಿವೆ. ಯೇಲ್ ವಿಶ್ವವಿದ್ಯಾಲಯದ ‘ಅವಲಾನ್ ಪ್ರಾಜೆಕ್ಟ್’ನಲ್ಲಿ ಫೆಡರಲಿಸ್ಟ್ ಲೇಖನಗಳೂ ಸಂವಿಧಾನದ ಕರಡು ಸಿದ್ಧವಾದ ಫಿಲಡೆಲ್ಫಿಯಾ ಸಭೆಯ ಟಿಪ್ಪಣಿಗಳೂ ಇವೆ. ಹದಿನೆಂಟನೇ ಶತಮಾನದ ಇಂಗ್ಲಿಷ್ ಒಂದು ವಾಕ್ಯಕ್ಕೆ ಅರ್ಧ ಪುಟ ತಿನ್ನುತ್ತದೆ. ಕ್ರಿಯಾಪದ ಸಿಗುವವರೆಗೆ ಮುಂದೆ ಹೋಗಿ, ಆಮೇಲೆ ಹಿಂದಕ್ಕೆ ಬನ್ನಿ. ಕನ್ನಡದವರಿಗೆ ಈ ವಿದ್ಯೆ ಹೊಸದಲ್ಲ, ನಮ್ಮ ಕ್ರಿಯಾಪದ ಹೇಗೂ ಕೊನೆಯಲ್ಲೇ ಬರುತ್ತದೆ.

ಹೆಜ್ಜೆ 1: ಪೀಠಿಕೆ ಬಿಡಿ, ಏಳನೇ ವಿಧಿ ತೆರೆಯಿರಿ

ಎಲ್ಲರೂ ‘ಜನರಾದ ನಾವು’ ಎಂಬಲ್ಲಿಂದ ಶುರು ಮಾಡುತ್ತಾರೆ. ನೀವು ಕೊನೆಯ ವಿಧಿಯಿಂದ ಶುರು ಮಾಡಿ. ಏಳನೇ ವಿಧಿ ಒಂದೇ ವಾಕ್ಯ: ಒಂಬತ್ತು ರಾಜ್ಯಗಳ ಸಮಾವೇಶಗಳು ಒಪ್ಪಿದರೆ, ಒಪ್ಪಿದ ರಾಜ್ಯಗಳ ಮಟ್ಟಿಗೆ ಈ ಸಂವಿಧಾನ ಜಾರಿ.

ಸಾಧಾರಣ ವಾಕ್ಯದಂತೆ ಕಾಣುತ್ತದೆ, ಆದರೆ ಇದು ನಿಯಮ ಮುರಿದ ವಾಕ್ಯ. ಆಗ ಜಾರಿಯಲ್ಲಿದ್ದ ಒಕ್ಕೂಟದ ಕರಾರಿನ ಪ್ರಕಾರ ಯಾವ ತಿದ್ದುಪಡಿಗಾದರೂ 13 ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕಿತ್ತು. ರೋಡ್ ಐಲೆಂಡ್ ಅಂತೂ ಫಿಲಡೆಲ್ಫಿಯಾಕ್ಕೆ ಪ್ರತಿನಿಧಿಗಳನ್ನೇ ಕಳಿಸಿರಲಿಲ್ಲ. ಹಾಗಾಗಿ 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಕೂತಿದ್ದವರು ಎರಡು ಕೆಲಸ ಮಾಡಿದರು: 13ರ ಬದಲು 9 ಸಾಕು ಎಂದರು, ಶಾಸನಸಭೆಗಳನ್ನು ಬದಿಗಿಟ್ಟು ಇದಕ್ಕೆಂದೇ ಚುನಾಯಿತವಾದ ಸಮಾವೇಶಗಳ ಮುಂದೆ ಹೋದರು. ಹೊಸ ಏರ್ಪಾಟಿನಲ್ಲಿ ಅಧಿಕಾರ ಕಳೆದುಕೊಳ್ಳುವುದೇ ರಾಜ್ಯ ಶಾಸನಸಭೆಗಳು. ಅವುಗಳ ಒಪ್ಪಿಗೆ ಕೇಳುವುದು ದಂಡ ಎಂದು ಅವರಿಗೆ ಗೊತ್ತಿತ್ತು.

ಇಲ್ಲಿ ಎರಡು ಸಂಗತಿ ಬರೆದಿಟ್ಟುಕೊಳ್ಳಿ. ಒಂದು, ಸಮಾವೇಶಗಳ ಮುಂದೆ ಇಟ್ಟ ಪ್ರಶ್ನೆ ಹೌದೋ ಅಲ್ಲವೋ ಎಂಬುದಷ್ಟೇ. ಈ ವಿಧಿ ಚೆನ್ನಾಗಿದೆ, ಆ ವಿಧಿ ಬೇಡ ಎನ್ನಲು ಅವಕಾಶವಿಲ್ಲ. ಮುಂದಿನ ಜಗಳವೆಲ್ಲ ಹುಟ್ಟಿದ್ದು ಈ ಒಂದು ಕಟ್ಟಿನಿಂದ. ಎರಡು, ಸಮಾವೇಶದ ಕೋಣೆಯಲ್ಲಿ ಯಾರಿರಲಿಲ್ಲ? ಹೆಂಗಸರಿಲ್ಲ, ಗುಲಾಮರಿಲ್ಲ, ಮೂಲನಿವಾಸಿಗಳಿಲ್ಲ. ಬಹುತೇಕ ಕಡೆ ಆಸ್ತಿಯಿದ್ದ ಬಿಳಿಯ ಗಂಡಸರೇ ಮತದಾರರು. ನ್ಯೂಯಾರ್ಕ್ ಈ ಒಂದು ಚುನಾವಣೆಗೆ ಆಸ್ತಿಯ ಷರತ್ತು ಸಡಿಲಿಸಿ ಸ್ವತಂತ್ರ ವಯಸ್ಕ ಗಂಡಸರೆಲ್ಲರಿಗೂ ಮತ ಕೊಟ್ಟಿತು.

ಹೆಜ್ಜೆ 2: ಮತಗಳ ಲೆಕ್ಕ ನೀವೇ ಹಾಕಿ

ವಾದ ಓದುವ ಮೊದಲು ಅಂಕಿ ಬರೆಯಿರಿ. ಡೆಲವೇರ್ 1787ರ ಡಿಸೆಂಬರ್ 7ರಂದು 30–0. ಪೆನ್ಸಿಲ್ವೇನಿಯಾ 46–23. ನ್ಯೂಜೆರ್ಸಿ 38–0. ಜಾರ್ಜಿಯಾ 26–0. ಕನೆಟಿಕಟ್ 128–40. ಇಲ್ಲಿಗೆ ಐದಾಯಿತು, ಎಲ್ಲವೂ ಸಲೀಸು. ಆರನೆಯದು ಮ್ಯಾಸಚೂಸೆಟ್ಸ್, 1788ರ ಫೆಬ್ರವರಿ 6: 187–168. ಮೇರಿಲ್ಯಾಂಡ್ 63–11, ಸೌತ್ ಕ್ಯಾರೊಲೈನಾ 149–73. ಒಂಬತ್ತನೆಯದು ನ್ಯೂಹ್ಯಾಂಪ್‌ಶೈರ್, ಜೂನ್ 21: 57–47. ಜೂನ್ 25ರಂದು ವರ್ಜೀನಿಯಾ 89–79. ಜುಲೈ 26ರಂದು ನ್ಯೂಯಾರ್ಕ್ 30–27.

ಈಗ ಪೆನ್ಸಿಲ್ ಹಿಡಿದು ಕೇಳಿಕೊಳ್ಳಿ: ಎಷ್ಟು ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶ ತಿರುಗುತ್ತಿತ್ತು? ಮ್ಯಾಸಚೂಸೆಟ್ಸಿನಲ್ಲಿ ಹತ್ತು, ವರ್ಜೀನಿಯಾದಲ್ಲಿ ಆರು, ನ್ಯೂಯಾರ್ಕಿನಲ್ಲಿ ಎರಡು. ಒಟ್ಟು ಹದಿನೆಂಟು ಜನ. ಮೂರು ದೊಡ್ಡ ರಾಜ್ಯಗಳು ಕಳಚಿಕೊಂಡರೆ ಒಪ್ಪಿದವು ಎಂಟೇ ಉಳಿಯುತ್ತವೆ, ಒಂಬತ್ತು ಮುಟ್ಟುವುದಿಲ್ಲ. ‘ಅಮೆರಿಕದ ಜನ ಸಂವಿಧಾನವನ್ನು ಅಂಗೀಕರಿಸಿದರು’ ಎಂಬ ಸಾಲಿನ ಪಕ್ಕ ಈ 18 ಎಂಬ ಅಂಕಿ ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕೆಂಪು ಶಾಯಿಯ ಸುತ್ತು ಇದೆ.

ಇಬ್ಬರು ಹಟಮಾರಿಗಳನ್ನೂ ಮರೆಯಬೇಡಿ. ನಾರ್ತ್ ಕ್ಯಾರೊಲೈನಾ 1788ರ ಆಗಸ್ಟಿನಲ್ಲಿ ಹಕ್ಕುಗಳ ಘೋಷಣೆ ಬರಲಿ, ಆಮೇಲೆ ನೋಡೋಣ ಎಂದು ಕೈಕಟ್ಟಿ ಕೂತು, ಒಳಗೆ ಬಂದದ್ದು 1789ರ ನವೆಂಬರ್ 21ರಂದು. ರೋಡ್ ಐಲೆಂಡ್ ಸಮಾವೇಶವನ್ನೇ ಕರೆಯದೆ ನೇರವಾಗಿ ಜನಮತಕ್ಕೆ ಹಾಕಿತು. ಪರ 237, ವಿರುದ್ಧ 2,700ಕ್ಕೂ ಹೆಚ್ಚು. ಪರ ಇದ್ದವರಲ್ಲಿ ಬಹಳ ಜನ ಮತಗಟ್ಟೆಗೇ ಬರಲಿಲ್ಲ ಎನ್ನುವುದೂ ನಿಜ. ಕೊನೆಗೆ 1790ರ ಮೇ 29ರಂದು 34–32ರಲ್ಲಿ ಒಪ್ಪಿತು. ಅಷ್ಟು ಹೊತ್ತಿಗೆ ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷ ಕಳೆದಿತ್ತು.

ಹೆಜ್ಜೆ 3: ‘ಬೇಡ’ ಎಂದವರನ್ನು ಮೊದಲು ಓದಿ

ಸಾಮಾನ್ಯವಾಗಿ ಎಲ್ಲ ತರಗತಿಗಳಲ್ಲೂ ಕ್ರಮ ತಪ್ಪುವುದು ಇಲ್ಲೇ. ನೇರ ಫೆಡರಲಿಸ್ಟ್ ಲೇಖನಗಳಿಗೆ ಕೈಹಾಕುತ್ತಾರೆ. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ‘ಪಬ್ಲಿಯಸ್’ ಎಂಬ ಒಂದೇ ಹೆಸರಿನಲ್ಲಿ ಬರೆದ 85 ಲೇಖನಗಳು ನ್ಯೂಯಾರ್ಕಿನ ಮತದಾರರನ್ನು ಒಲಿಸಲು ಬರೆದ ಪ್ರಚಾರ ಸಾಹಿತ್ಯ. ಅದ್ಭುತ ಪ್ರಚಾರ, ಒಪ್ಪುತ್ತೇನೆ. ಆದರೆ ಎದುರು ಪಕ್ಷದ ಮಾತು ಕೇಳದೆ ವಕೀಲರ ವಾದ ಓದಿದರೆ ಅವರು ಗಾಳಿಗೆ ಗುದ್ದುತ್ತಿದ್ದಾರೆ ಅನ್ನಿಸುತ್ತದೆ.

ಮೊದಲು ಜಾರ್ಜ್ ಮೇಸನ್ ಬರೆದ ಆಕ್ಷೇಪಣೆಗಳನ್ನು ಓದಿ. ಎರಡು ಮೂರು ಪುಟ ಅಷ್ಟೇ. ಅವರ ದೂರು ಶುರುವಾಗುವುದೇ ‘ಹಕ್ಕುಗಳ ಘೋಷಣೆ ಇಲ್ಲ’ ಎಂದು. ಈ ಮನುಷ್ಯ 1776ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆಯ ಕರಡು ಬರೆದವರು, ಕೈಪಳಗಿದವರು. ಫಿಲಡೆಲ್ಫಿಯಾದಲ್ಲಿ 1787ರ ಸೆಪ್ಟೆಂಬರ್ 12ರಂದು, ರಾಜ್ಯಗಳ ಘೋಷಣೆಗಳನ್ನು ಮುಂದಿಟ್ಟುಕೊಂಡರೆ ಕೆಲವೇ ಗಂಟೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ ಎಂದರು. ಎಲ್ಬ್ರಿಜ್ ಗೆರ್ರಿ ಸೂಚನೆ ಮಂಡಿಸಿದರು. ರಾಜ್ಯಗಳ ಘೋಷಣೆಗಳು ಹೇಗೂ ಇವೆಯಲ್ಲ, ಅಷ್ಟು ಸಾಕು ಎಂದರು ರೋಜರ್ ಶರ್ಮನ್. ಮತಕ್ಕೆ ಹಾಕಿದಾಗ ಒಂದೇ ಒಂದು ರಾಜ್ಯವೂ ಪರ ನಿಲ್ಲಲಿಲ್ಲ. ನಾಲ್ಕು ತಿಂಗಳು ಕೂತು ಸುಸ್ತಾದವರು, ಮನೆಗೆ ಹೋಗುವ ಆತುರದಲ್ಲಿದ್ದರು. ಆ ಕೆಲವು ಗಂಟೆ ಉಳಿಸಿದ್ದಕ್ಕೆ ನಾಲ್ಕು ವರ್ಷ ತೆತ್ತರು. ಐದು ದಿನದ ನಂತರ 39 ಜನ ಸಹಿ ಹಾಕಿದರು. ಮೇಸನ್, ಗೆರ್ರಿ, ವರ್ಜೀನಿಯಾದ ರಾಜ್ಯಪಾಲ ಎಡ್ಮಂಡ್ ರಾಂಡಾಲ್ಫ್ ಅಲ್ಲೇ ಇದ್ದೂ ಸಹಿ ಹಾಕಲಿಲ್ಲ.

ಮೇಸನ್ ನೂರಾರು ಗುಲಾಮರ ಒಡೆಯ. ವ್ಯಕ್ತಿಯ ಹಕ್ಕಿನ ಬಗ್ಗೆ ಬರೆದ ಕೈಯೇ ಅದು. ಈ ವಿಷಯವನ್ನು ಅಡಿಟಿಪ್ಪಣಿಗೆ ತಳ್ಳಬೇಡಿ, ಅವರ ಹೆಸರಿನ ಎದುರಿಗೇ ಬರೆದುಕೊಳ್ಳಿ.

ಆಮೇಲೆ ‘ಬ್ರೂಟಸ್’ ಎಂಬ ಗುಪ್ತನಾಮದ ಎರಡನೇ ಲೇಖನ. ಇಡೀ ಜಗಳದಲ್ಲಿ ನನಗೆ ಅತಿ ಇಷ್ಟವಾದ ತರ್ಕ ಇಲ್ಲಿದೆ. ಕೇಂದ್ರಕ್ಕೆ ಕೊಡದ ಅಧಿಕಾರವೆಲ್ಲ ಜನರಲ್ಲೇ ಉಳಿಯುತ್ತದೆ, ಹಾಗಾಗಿ ಹಕ್ಕುಗಳ ಪಟ್ಟಿ ಬೇಡ ಎನ್ನುತ್ತೀರಿ. ಸರಿ. ಹಾಗಿದ್ದರೆ ಮೊದಲನೇ ವಿಧಿಯ ಒಂಬತ್ತನೇ ಭಾಗದಲ್ಲಿ ಹೇಬಿಯಸ್ ಕಾರ್ಪಸ್ (ಬಂಧಿತರನ್ನು ಕೋರ್ಟಿನ ಮುಂದೆ ತರಿಸುವ ಹಕ್ಕು) ಅಮಾನತು ಮಾಡಬಾರದು, ಹಿಂದಿನ ತಾರೀಕಿನಿಂದ ಅಪರಾಧ ಸೃಷ್ಟಿಸುವ ಕಾನೂನು ಮಾಡಬಾರದು, ಬಿರುದು ಬಾವಲಿ ಕೊಡಬಾರದು ಎಂದೆಲ್ಲ ಬರೆದಿದ್ದೀರಲ್ಲ, ಅದೇಕೆ? ಆ ಅಧಿಕಾರಗಳನ್ನು ಎಲ್ಲಿ ಕೊಟ್ಟಿದ್ದಿರಿ? ಒಂದೋ ಕೊಡದ್ದನ್ನೂ ನಿಷೇಧಿಸುವ ಅಗತ್ಯವಿದೆ, ಇಲ್ಲವೇ ನಿಮಗೇ ಗೊತ್ತಿಲ್ಲದೆ ಕೊಟ್ಟಿದ್ದೀರಿ.

ಸಮಯವಿದ್ದರೆ ‘ಕೊಲಂಬಿಯನ್ ಪೇಟ್ರಿಯಟ್’ ಎಂಬ ಹೆಸರಿನ 1788ರ ಕಿರುಹೊತ್ತಗೆಯನ್ನೂ ನೋಡಿ. ಬಹುಕಾಲ ಅದನ್ನು ಗೆರ್ರಿ ಬರೆದದ್ದೆಂದೇ ನಂಬಿದ್ದರು. ಬರೆದವರು ಮರ್ಸಿ ಓಟಿಸ್ ವಾರೆನ್. ಮತ ಹಾಕಲು ಬಿಡದ ಊರಿನಲ್ಲಿ ಆಕೆ ಮುದ್ರಣದ ಮೂಲಕ ಚರ್ಚೆಗೆ ನುಗ್ಗಿದ್ದರು.

ಹೆಜ್ಜೆ 4: ‘ಬೇಕಿಲ್ಲ’ ಮತ್ತು ‘ಅಪಾಯ’ ಬೇರೆಬೇರೆ ಕಾಲಂಗೆ ಹಾಕಿ

ಈಗ ಫೆಡರಲಿಸ್ಟರ, ಅಂದರೆ ಸಂವಿಧಾನ ಬೇಕು ಎಂದವರ ಸರದಿ. ಮೊದಲು ಜೇಮ್ಸ್ ವಿಲ್ಸನ್ 1787ರ ಅಕ್ಟೋಬರ್ 6ರಂದು ಫಿಲಡೆಲ್ಫಿಯಾದ ಶಾಸನಭವನದ ಅಂಗಳದಲ್ಲಿ ಮಾಡಿದ ಭಾಷಣ, ಆಮೇಲೆ ಹ್ಯಾಮಿಲ್ಟನ್ ಅವರ 84ನೇ ಲೇಖನ. ಈ ಎರಡರಲ್ಲಿ ಆಗ ಹೆಚ್ಚು ಕೆಲಸ ಮಾಡಿದ್ದು ವಿಲ್ಸನ್ ಭಾಷಣ, ಊರೂರು ಪತ್ರಿಕೆಗಳಲ್ಲಿ ಮರುಮುದ್ರಣವಾಯಿತು. 84ನೇ ಲೇಖನ ಪುಸ್ತಕವಾಗಿ ಹೊರಬಂದದ್ದೇ 1788ರ ಮೇ ಕೊನೆಯಲ್ಲಿ, ಎಂಟು ರಾಜ್ಯಗಳು ಒಪ್ಪಿದ ಮೇಲೆ.

ಇಬ್ಬರ ಮಾತಿನಲ್ಲೂ ಎರಡು ಎಳೆ ಹೆಣೆದುಕೊಂಡಿವೆ, ಬಿಡಿಸಿ ಓದಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹಿತ್ತಿಲಿನ ಬೀಗದ ಕೈ ಕೊಟ್ಟು ಗಿಡಕ್ಕೆ ನೀರು ಹಾಕಿ ಎನ್ನುತ್ತೀರಿ. ‘ಬೀರು ತೆಗೆಯಬೇಡಿ’ ಎಂದು ಚೀಟಿ ಬರೆದಿಡುವುದಿಲ್ಲ. ಬೀರುವಿನ ಕೈ ಕೊಟ್ಟೇ ಇಲ್ಲವಲ್ಲ! ಇದು ‘ಬೇಕಿಲ್ಲ’ ಎಂಬ ವಾದ. ಇನ್ನು ಚೀಟಿ ಬರೆದಿಟ್ಟಿರಿ ಎನ್ನಿ: ಬೀರು ಮುಟ್ಟಬೇಡಿ, ಟೀವಿ ಹಾಕಬೇಡಿ. ಪಕ್ಕದ ಮನೆಯವರು ಚೀಟಿ ಓದಿ, ಉಪ್ಪಿನಕಾಯಿ ಜಾಡಿಯ ಬಗ್ಗೆ ಏನೂ ಬರೆದಿಲ್ಲ, ಹಾಗಾದರೆ ತೆಗೆಯಬಹುದು ಎಂದುಕೊಂಡರೆ? ಇದು ‘ಅಪಾಯ’ ಎಂಬ ವಾದ. ಹ್ಯಾಮಿಲ್ಟನ್ ಕೇಳಿದ್ದೂ ಅದನ್ನೇ. ಪತ್ರಿಕೆಯನ್ನು ಹತ್ತಿಕ್ಕುವ ಅಧಿಕಾರವನ್ನೇ ಕೊಡದಿರುವಾಗ, ಹತ್ತಿಕ್ಕಬಾರದು ಎಂದು ಬರೆಯುವುದೇಕೆ? ಬರೆದರೆ, ಅಧಿಕಾರ ಇತ್ತು ಎಂದು ಹೇಳಲು ನೆಪ ಸಿಗುತ್ತದೆ.

ನನ್ನ ತೀರ್ಪು ಹೇಳಿಬಿಡುತ್ತೇನೆ, ನೀವು ಒಪ್ಪಬೇಕಿಲ್ಲ. ‘ಬೇಕಿಲ್ಲ’ ಎಂಬ ವಾದ ಬ್ರೂಟಸ್ ಏಟಿಗೆ ಬಿದ್ದುಹೋಯಿತು. ‘ಅಪಾಯ’ ಎಂಬ ವಾದ ಬೀಳಲಿಲ್ಲ. ಪಟ್ಟಿಯಲ್ಲಿ ಕೆಲವು ಹಕ್ಕು ಬರೆದ ಮಾತ್ರಕ್ಕೆ ಜನರಲ್ಲಿ ಉಳಿದ ಬೇರೆ ಹಕ್ಕುಗಳಿಲ್ಲ ಎಂದು ತಿಳಿಯಬಾರದು ಎಂದು ಒಂಬತ್ತನೇ ತಿದ್ದುಪಡಿ ಹೇಳುತ್ತದೆ. ಸೋತ ವಾದಕ್ಕೆ ಗೆದ್ದ ದಾಖಲೆಯಲ್ಲಿ ಸಿಕ್ಕ ಜಾಗ ಅದು. ನಮ್ಮಲ್ಲೂ ಉಪ್ಪಿನಕಾಯಿ ಜಾಡಿಯ ಪ್ರಶ್ನೆ ಎದ್ದಿತ್ತು. ಖಾಸಗಿತನ ಎಂಬ ಪದ ಮೂಲಭೂತ ಹಕ್ಕುಗಳ ಭಾಗದಲ್ಲಿ ಎಲ್ಲೂ ಇಲ್ಲ, ಹಾಗಾದರೆ ಆ ಹಕ್ಕು ಇದೆಯೋ ಇಲ್ಲವೋ? ಕೇಳಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇದೆ ಎಂದಿತು.

ಹೆಜ್ಜೆ 5: ಪೆನ್ಸಿಲ್ವೇನಿಯಾ ಬೇಗ, ಮ್ಯಾಸಚೂಸೆಟ್ಸ್ ನಿಧಾನ

ಪೆನ್ಸಿಲ್ವೇನಿಯಾಕ್ಕೆ ಹತ್ತು ನಿಮಿಷ ಸಾಕು. ಸಮಾವೇಶ ಕರೆಯುವ ನಿರ್ಣಯ ತಪ್ಪಿಸಲು ವಿರೋಧಿಗಳು ಶಾಸನಸಭೆಗೆ ಬರದೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಮುರಿದರು. 1787ರ ಸೆಪ್ಟೆಂಬರ್ 29ರಂದು ಜನರ ಗುಂಪು ಇಬ್ಬರು ಸದಸ್ಯರನ್ನು ಅವರು ಉಳಿದುಕೊಂಡಿದ್ದ ಕಡೆಯಿಂದ ಎಳೆದುತಂದು ಕುರ್ಚಿಯಲ್ಲಿ ಕೂರಿಸಿತು. ಕೋರಂ ಆಯಿತು! ರೆಸಾರ್ಟ್ ರಾಜಕಾರಣ ಕಂಡ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ಬಾಸ್ಟನ್ನಿನಲ್ಲಿ ನಿಲ್ಲಿ. 1788ರ ಜನವರಿಯಲ್ಲಿ ಸೇರಿದ ಸಮಾವೇಶದಲ್ಲಿ ಸಂವಿಧಾನ ಸೋಲುವ ಲಕ್ಷಣವಿತ್ತು. ಅಧ್ಯಕ್ಷರಾಗಿದ್ದ ರಾಜ್ಯಪಾಲ ಜಾನ್ ಹ್ಯಾನ್‌ಕಾಕ್ ಗೌಟ್ ಕಾಯಿಲೆ ಎಂದು ಮನೆಯಲ್ಲೇ ಇದ್ದು, ಕೊನೆಗೆ ಒಂಬತ್ತು ತಿದ್ದುಪಡಿಗಳ ಪಟ್ಟಿಯೊಂದಿಗೆ ಬಂದರು. ಈಗ ಪೂರ್ತಿಯಾಗಿ ಒಪ್ಪೋಣ, ಜೊತೆಗೆ ಈ ತಿದ್ದುಪಡಿಗಳನ್ನು ಮಾಡಿ ಎಂದು ಶಿಫಾರಸು ಮಾಡೋಣ ಎಂದರು. ಸ್ಯಾಮ್ಯುಯೆಲ್ ಆಡಮ್ಸ್ ದನಿಗೂಡಿಸಿದರು. ಹತ್ತು ಜನ ಈ ಕಡೆ ವಾಲಿದ್ದು ಇದರಿಂದಲೇ. ಮುಂದೆ ಸೌತ್ ಕ್ಯಾರೊಲೈನಾ, ನ್ಯೂಹ್ಯಾಂಪ್‌ಶೈರ್, ವರ್ಜೀನಿಯಾ, ನ್ಯೂಯಾರ್ಕ್ ಎಲ್ಲವೂ ಈ ದಾರಿಯನ್ನೇ ಹಿಡಿದವು. ಈ ಲೇಖನದ ಶೀರ್ಷಿಕೆಯಲ್ಲಿರುವ ‘ಹೂಂ, ಆದರೆ…’ ಬಾಸ್ಟನ್ನಿನದು.

ಇಲ್ಲಿ ಒಂದು ಅಭ್ಯಾಸ. ಆ ಒಂಬತ್ತು ಶಿಫಾರಸುಗಳನ್ನು ತೆರೆದು ವಾಕ್ ಸ್ವಾತಂತ್ರ್ಯ, ಧರ್ಮ, ಪತ್ರಿಕೆ ಎಲ್ಲಿವೆ ಹುಡುಕಿ. ಸಿಗುವುದಿಲ್ಲ. ತೆರಿಗೆ, ಪ್ರಾತಿನಿಧ್ಯ, ಚುನಾವಣೆಯ ನಿಯಂತ್ರಣ, ರಾಜ್ಯಗಳಿಗೆ ಉಳಿದ ಅಧಿಕಾರ, ಜ್ಯೂರಿ ಇವೇ ತುಂಬಿವೆ. ಸಂವಿಧಾನ ಬೇಡ ಎಂದ ಆಂಟಿ-ಫೆಡರಲಿಸ್ಟರಲ್ಲಿ ಬಹಳ ಜನಕ್ಕೆ ಬೇಕಾಗಿದ್ದದ್ದು ಕೇಂದ್ರದ ಹಲ್ಲು ಕೀಳುವ ತಿದ್ದುಪಡಿ, ಮುಖ್ಯವಾಗಿ ನೇರ ತೆರಿಗೆಯ ಅಧಿಕಾರಕ್ಕೆ ಕಡಿವಾಣ. ಮುಂದೆ ಮ್ಯಾಡಿಸನ್ ಕೊಟ್ಟದ್ದು ಹಕ್ಕುಗಳನ್ನು, ತೆರಿಗೆಯ ಅಧಿಕಾರವನ್ನು ಮುಟ್ಟಲೇ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಪರೀಕ್ಷೆಯಲ್ಲಿ ‘ಆಂಟಿ-ಫೆಡರಲಿಸ್ಟರ ಬೇಡಿಕೆ ಈಡೇರಿತು’ ಎಂದು ಬರೆಯಬೇಡಿ, ಅರ್ಧ ಸುಳ್ಳಾಗುತ್ತದೆ.

ಹೆಜ್ಜೆ 6: ರಿಚ್ಮಂಡಿನಲ್ಲಿ ಮೂರು ದಿನ

ವರ್ಜೀನಿಯಾದ ಸಮಾವೇಶ 1788ರ ಜೂನ್ 2ರಿಂದ 27ರವರೆಗೆ ನಡೆಯಿತು. ಡೇವಿಡ್ ರಾಬರ್ಟ್‌ಸನ್ ಎಂಬವರು ಶೀಘ್ರಲಿಪಿಯಲ್ಲಿ ಬರೆದುಕೊಂಡ ವರದಿ ನೂರಾರು ಪುಟ. ಎಲ್ಲ ಓದಲು ಹೋಗಿ ನಾನು ಒಮ್ಮೆ ಎರಡನೇ ವಾರದಲ್ಲೇ ಕೈಚೆಲ್ಲಿದ್ದೆ. ಮೂರು ದಿನ ಸಾಕು: ಜೂನ್ 4, ಜೂನ್ 5, ಜೂನ್ 24.

ಜೂನ್ 4ರಂದು ವಿರೋಧಿಗಳ ಮುಂದಾಳು ಪ್ಯಾಟ್ರಿಕ್ ಹೆನ್ರಿ ಕೇಳಿದ್ದು: ‘ರಾಜ್ಯಗಳಾದ ನಾವು’ ಎನ್ನುವ ಬದಲು ‘ಜನರಾದ ನಾವು’ ಎಂದು ಬರೆಯುವ ಹಕ್ಕು ಇವರಿಗೆ ಯಾರು ಕೊಟ್ಟರು? ಮರುದಿನದ್ದು ಹೆನ್ರಿಯವರ ಉದ್ದನೆಯ ಭಾಷಣ. ಗಟ್ಟಿಯಾಗಿ ಓದಿ, ಅದು ಕಿವಿಗೆಂದೇ ಆಡಿದ ಮಾತು. ಎದುರಿಗೆ ಮ್ಯಾಡಿಸನ್, ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ ಸರಿಯಾಗಿ ಕೇಳಿಸಲಿಲ್ಲ ಎಂದು ವರದಿಗಾರರೇ ನಡುನಡುವೆ ಬರೆದಿದ್ದಾರೆ. ಸಹಿ ಹಾಕದೆ ಬಂದಿದ್ದ ರಾಂಡಾಲ್ಫ್ ಇಲ್ಲಿ ಪರವಾಗಿ ತಿರುಗಿ ನಿಂತರು. ಎಂಟು ರಾಜ್ಯ ಆಗಲೇ ಒಪ್ಪಿವೆ, ಈಗ ಮೊದಲು ತಿದ್ದಿ ಎಂದು ಹಟ ಹಿಡಿದರೆ ಒಕ್ಕೂಟವೇ ಒಡೆಯುತ್ತದೆ ಎಂಬುದು ಅವರ ಸಮರ್ಥನೆ.

ಜಗಳದ ತಿರುಳೂ ಅಲ್ಲಿತ್ತು. ಮೊದಲು ತಿದ್ದುಪಡಿಯೋ, ಮೊದಲು ಒಪ್ಪಿಗೆಯೋ? ಹೆನ್ರಿಯವರ ಕಡೆಯವರಿಗೆ ಮೊದಲು ಒಪ್ಪಿಗೆ ಎನ್ನುವುದು ‘ತಾಳಿ ಕಟ್ಟಿಬಿಡಲಿ, ಮಾತುಕತೆ ಆಮೇಲೆ’ ಎಂದಂತೆ ಕೇಳಿಸುತ್ತಿತ್ತು. ಜೂನ್ 25ರಂದು 89–79ರಲ್ಲಿ ಹೆನ್ರಿ ಸೋತರು. ನ್ಯೂಹ್ಯಾಂಪ್‌ಶೈರ್ ನಾಲ್ಕು ದಿನ ಮೊದಲೇ ಒಪ್ಪಿ ಒಂಬತ್ತು ಭರ್ತಿಯಾಗಿತ್ತು, ಆದರೆ ಸುದ್ದಿ ರಿಚ್ಮಂಡ್ ಮುಟ್ಟಿರಲಿಲ್ಲ. ತಮ್ಮದೇ ಒಂಬತ್ತನೆಯದು ಎಂಬ ಭಾರದಲ್ಲಿ ಅವರು ಮತ ಹಾಕಿದರು. ಜೊತೆಗೆ 20 ಹಕ್ಕುಗಳ ಘೋಷಣೆ, ಬೇರೆ 20 ತಿದ್ದುಪಡಿಗಳ ಶಿಫಾರಸು.

ಜೂನ್ 24 ಓದಿ ಎಂದದ್ದು ಬೇರೆ ಕಾರಣಕ್ಕೆ. ಅಂದು ಹೆನ್ರಿ ಕೊಟ್ಟ ಎಚ್ಚರಿಕೆಗಳಲ್ಲಿ ಒಂದು, ಈ ಕೇಂದ್ರ ಸರ್ಕಾರ ಮುಂದೊಂದು ದಿನ ನಿಮ್ಮ ಗುಲಾಮರನ್ನು ಬಿಡುಗಡೆ ಮಾಡಿಬಿಡಬಹುದು ಎಂಬುದು. ಸ್ವಾತಂತ್ರ್ಯದ ಗುಡುಗು ಕೇಳಿ ಮೈನವಿರೇಳಿಸಿಕೊಂಡ ಮರುಗಳಿಗೆಗೆ ಈ ಪುಟ ಓದಬೇಕು.

ಹೆಜ್ಜೆ 7: ಮೂರು ಪತ್ರಗಳು

ಇದು ನನ್ನ ಮಟ್ಟಿಗೆ ಇಡೀ ಓದಿನ ಹಬ್ಬ. ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಜೆಫರ್ಸನ್ 1787ರ ಡಿಸೆಂಬರ್ 20ರಂದು ಮ್ಯಾಡಿಸನ್ನಿಗೆ ಬರೆದರು: ಹಕ್ಕುಗಳ ಮಸೂದೆ ಎನ್ನುವುದು ಭೂಮಿಯ ಮೇಲಿನ ಯಾವುದೇ ಸರ್ಕಾರದ ಎದುರು ಜನರಿಗೆ ಸಲ್ಲಬೇಕಾದದ್ದು, ನ್ಯಾಯವಂತ ಸರ್ಕಾರ ಅದನ್ನು ನಿರಾಕರಿಸಬಾರದು, ಊಹೆಗೂ ಬಿಡಬಾರದು.

1788ರ ಅಕ್ಟೋಬರ್ 17ರ ಉತ್ತರದಲ್ಲಿ ಮ್ಯಾಡಿಸನ್ನಿಗೆ ಉತ್ಸಾಹವಿಲ್ಲ. ಹಕ್ಕುಗಳ ಪಟ್ಟಿಯನ್ನು ಅವರು ತೊಗಲು ಹಾಳೆಯ ತಡೆಗೋಡೆ ಎನ್ನುತ್ತಾರೆ. ರಾಜ್ಯಗಳಲ್ಲಿ ಅಂಥ ಪಟ್ಟಿಗಳಿದ್ದವು, ಬಹುಮತಕ್ಕೆ ಬೇಕೆನಿಸಿದಾಗ ಹಾರಿ ದಾಟಿತು. ರಾಜನಿರುವಲ್ಲಿ ದಬ್ಬಾಳಿಕೆ ರಾಜನಿಂದ ಬರುತ್ತದೆ, ಜನರೇ ಆಳುವಲ್ಲಿ ಬಹುಮತದಿಂದ ಬರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡುವುದು ಎಂಬ ನಮ್ಮ ಹಳೆಯ ಚಿಂತೆಯೇ ಇದು.

ಜೆಫರ್ಸನ್ 1789ರ ಮಾರ್ಚ್ 15ರಂದು ಉತ್ತರಿಸಿದರು: ನೀನು ಒಂದು ಲಾಭ ಮರೆತಿದ್ದೀಯ, ಈ ಪಟ್ಟಿ ನ್ಯಾಯಾಧೀಶರ ಕೈಗೆ ಒಂದು ಹಿಡಿತ ಕೊಡುತ್ತದೆ. ಪೂರ್ತಿ ರೊಟ್ಟಿ ಸಿಗದಿದ್ದರೆ ಅರ್ಧವಾದರೂ ಮೇಲು. ಮೂರು ಪತ್ರಗಳನ್ನೂ ಒಂದೇ ಕೂರಿನಲ್ಲಿ ಓದಿ. ಮ್ಯಾಡಿಸನ್ ಪತ್ರವನ್ನು ಎರಡು ಸಲ ಓದಿ.

ಹೆಜ್ಜೆ 8: ಒಂದೇ ಒಂದು ಹಕ್ಕನ್ನು ಹಿಂಬಾಲಿಸಿ

ಮ್ಯಾಡಿಸನ್ ಮನಸ್ಸು ಬದಲಿಸಿದ್ದರಲ್ಲಿ ಪತ್ರಗಳ ಪಾಲಿನಷ್ಟೇ ಮತಪೆಟ್ಟಿಗೆಯ ಪಾಲೂ ಇದೆ. ಹೆನ್ರಿಯವರ ಹಿಡಿತದಲ್ಲಿದ್ದ ವರ್ಜೀನಿಯಾ ಶಾಸನಸಭೆ ಅವರನ್ನು ಸೆನೆಟ್‌ಗೆ ಕಳಿಸಲಿಲ್ಲ. ಕೆಳಮನೆಗೆ ನಿಂತಾಗ ಎದುರಾಳಿ ಜೇಮ್ಸ್ ಮನ್ರೋ. ಕ್ಷೇತ್ರದಲ್ಲಿ ಬ್ಯಾಪ್ಟಿಸ್ಟರು ಬಹಳ, ಅಧಿಕೃತ ಚರ್ಚಿನಿಂದ ಏಟು ತಿಂದವರು. ಹಕ್ಕುಗಳ ತಿದ್ದುಪಡಿಗೆ ದುಡಿಯುತ್ತೇನೆ ಎಂದು ಮಾತು ಕೊಟ್ಟ ಮ್ಯಾಡಿಸನ್ 1789ರ ಫೆಬ್ರವರಿಯಲ್ಲಿ 1,308–972ರಲ್ಲಿ ಗೆದ್ದರು.

ಆ ವರ್ಷದ ಜೂನ್ 8ರ ಭಾಷಣ ಓದಿ. ಸಭೆಗೆ ಆಸಕ್ತಿಯಿರಲಿಲ್ಲ, ಸುಂಕದ ಮಸೂದೆ ಮುಗಿಯಲಿ ಎಂದು ಗೊಣಗಿದರು. ಮ್ಯಾಡಿಸನ್ ತಿದ್ದುಪಡಿಗಳನ್ನು ಸಂವಿಧಾನದ ವಾಕ್ಯಗಳ ನಡುವೆಯೇ ನೇಯಬೇಕೆಂದರು, ಕೊನೆಯಲ್ಲಿ ಬೇರೆಯಾಗಿ ಸೇರಿಸಿ ಎಂದು ಶರ್ಮನ್ ಹಟ ಹಿಡಿದು ಗೆದ್ದರು. ಇಂದು ‘ಬಿಲ್ ಆಫ್ ರೈಟ್ಸ್’ ಎಂದು ಬೆರಳಿಟ್ಟು ತೋರಿಸಲು ಒಂದು ಜಾಗವಿರುವುದು, ಪಟ್ಟಿ ಬೇಡ ಎಂದಿದ್ದ ಶರ್ಮನ್ ದಯೆಯಿಂದ!

ಈಗ ಒಂದು ಹಕ್ಕು ಆರಿಸಿಕೊಂಡು ನಾಲ್ಕು ಕಾಲಂ ಎಳೆಯಿರಿ: ರಾಜ್ಯಗಳ ಶಿಫಾರಸು, ಮ್ಯಾಡಿಸನ್ ಕರಡು, ಕೆಳಮನೆ ಒಪ್ಪಿದ 17, ಎರಡೂ ಸದನ 1789ರ ಸೆಪ್ಟೆಂಬರ್ 25ರಂದು ಒಪ್ಪಿದ 12. ನನ್ನ ಸಲಹೆ ಕೇಳಿದರೆ, ಸತ್ತುಹೋದ ಒಂದನ್ನು ಆರಿಸಿ. ಯಾವ ರಾಜ್ಯವೂ ಆತ್ಮಸಾಕ್ಷಿಯ ಹಕ್ಕು, ಪತ್ರಿಕಾ ಸ್ವಾತಂತ್ರ್ಯ, ಕ್ರಿಮಿನಲ್ ಪ್ರಕರಣಗಳಲ್ಲಿ ಜ್ಯೂರಿ ವಿಚಾರಣೆ ಇವನ್ನು ಉಲ್ಲಂಘಿಸಬಾರದು ಎಂಬುದು ಮ್ಯಾಡಿಸನ್ ಕರಡಿನಲ್ಲಿತ್ತು. ಅವರಿಗೆ ಎಲ್ಲಕ್ಕಿಂತ ಬೆಲೆಬಾಳುವುದಾಗಿ ಕಂಡದ್ದು ಇದೇ. ಕೆಳಮನೆ ಒಪ್ಪಿತು, ಸೆನೆಟ್ ಹೊಡೆದುಹಾಕಿತು. ಪರಿಣಾಮ? 1833ರ ಬ್ಯಾರನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹಕ್ಕುಗಳ ಮಸೂದೆ ಕೇಂದ್ರಕ್ಕೆ ಮಾತ್ರ ಅನ್ವಯ, ರಾಜ್ಯಗಳಿಗಲ್ಲ ಎಂದಿತು. ಅಂತರ್ಯುದ್ಧ ಮುಗಿದು 1868ರಲ್ಲಿ ಹದಿನಾಲ್ಕನೇ ತಿದ್ದುಪಡಿ ಬಂದು, ಇಪ್ಪತ್ತನೇ ಶತಮಾನದಲ್ಲಿ ಒಂದೊಂದೇ ತೀರ್ಪಿನಿಂದ ಆ ಹಕ್ಕುಗಳು ರಾಜ್ಯಗಳ ಮೇಲೂ ಬಿದ್ದವು.

12ರಲ್ಲಿ ಹತ್ತು 1791ರ ಡಿಸೆಂಬರ್ 15ರಂದು ವರ್ಜೀನಿಯಾದ ಒಪ್ಪಿಗೆಯೊಂದಿಗೆ ಜಾರಿಗೆ ಬಂದವು. ಮೊದಲೆರಡು ಬಿದ್ದುಹೋದವು. ಅಂದರೆ ಇಂದಿನ ‘ಮೊದಲನೇ ತಿದ್ದುಪಡಿ’ ಕಳಿಸುವಾಗ ಮೂರನೆಯದಾಗಿತ್ತು. ಎಲ್ಲಕ್ಕಿಂತ ಮುಖ್ಯವೆಂದೇ ಮೊದಲಿಗಿಟ್ಟರು ಎಂದು ಯಾರಾದರೂ ಭಾಷಣ ಬಿಗಿದರೆ ನಕ್ಕು ಸುಮ್ಮನಾಗಿ. ಬಿದ್ದುಹೋದ ಎರಡನೆಯದು, ಕಾಂಗ್ರೆಸ್ ಸದಸ್ಯರ ಸಂಬಳದ್ದು, 1992ರಲ್ಲಿ ಎದ್ದು 27ನೇ ತಿದ್ದುಪಡಿಯಾಯಿತು.

ಹೆಜ್ಜೆ 9: ಮಂಗಳೂರಿನವರ ಒಂದು ಪ್ರವಾಸ

ಐದನೇ ತಿದ್ದುಪಡಿಯ ‘ಡ್ಯೂ ಪ್ರೊಸೆಸ್’ (ನ್ಯಾಯಯುತ ಕಾನೂನು ಕ್ರಮ) ಪದಗಳಿಗೆ ಗೀಟು ಹಾಕಿ. ನಮ್ಮ ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆ ಪದಗಳು ನ್ಯಾಯಾಧೀಶರಿಗೆ ಶಾಸನಗಳ ಮೇಲೆ ವೀಟೋ ಕೊಡುತ್ತವೆ, ಬೇಡ ಎಂಬ ಸಲಹೆ ಸಿಕ್ಕಿತು. ಜೆಫರ್ಸನ್ ಯಾವುದನ್ನು ಲಾಭ ಎಂದಿದ್ದರೋ ಅದೇ ಇಲ್ಲಿ ಭಯವಾಗಿತ್ತು. ನಮ್ಮ 21ನೇ ವಿಧಿಯಲ್ಲಿ ‘ಕಾನೂನಿನ ಮೂಲಕ ಸ್ಥಾಪಿತವಾದ ಪ್ರಕ್ರಿಯೆ’ ಬಂತು. 1950ರ ಗೋಪಾಲನ್ ತೀರ್ಪು ಅದನ್ನು ಅಕ್ಷರಶಃ ಓದಿತು. 1978ರ ಮೇನಕಾ ಗಾಂಧಿ ತೀರ್ಪು ಆ ಪ್ರಕ್ರಿಯೆ ನ್ಯಾಯಯುತವೂ ಆಗಿರಬೇಕು ಎಂದಿತು. ಹಿಂಬಾಗಿಲಿನಿಂದ ಡ್ಯೂ ಪ್ರೊಸೆಸ್ ಮನೆಯೊಳಗೆ ಬಂತು ಎನ್ನುವವರಿದ್ದಾರೆ.

ಹೆನ್ರಿಯವರ ಪ್ರಶ್ನೆಯನ್ನು ನಮ್ಮ ಪೀಠಿಕೆಗೂ ಕೇಳಿನೋಡಿ. ಭಾರತದ ಸಂವಿಧಾನ ಪ್ರಾಂತ್ಯಗಳ ಒಪ್ಪಿಗೆಗೆ ಹೋಗಲಿಲ್ಲ, ಸಂವಿಧಾನ ಸಭೆಯೇ 1949ರ ನವೆಂಬರ್ 26ರಂದು ಅಂಗೀಕರಿಸಿತು. ಹಿಂದಿನ ದಿನ ಮೈಸೂರು ಮಹಾರಾಜರ ಘೋಷಣೆ ಅದನ್ನು ಮೈಸೂರಿಗೂ ಒಪ್ಪಿಕೊಂಡಿತ್ತು. ನಮ್ಮಲ್ಲಿ ‘ಹೂಂ, ಆದರೆ…’ ಎನ್ನುವವರು ಸಭೆಯೊಳಗೇ ಕೂತು ತಿದ್ದುಪಡಿ ಮಂಡಿಸಬಹುದಿತ್ತು, ಸಾವಿರಗಟ್ಟಲೆ ಮಂಡಿಸಿದರು ಕೂಡ.

ಹೆಜ್ಜೆ 10: ಮತಕ್ಕೆ ಹಾಕಿ

ಹತ್ತಾರು ಜನ ಸಿಕ್ಕರೆ ಕೊನೆಯ ಭಾನುವಾರ ರಿಚ್ಮಂಡ್ ಸಮಾವೇಶ ಆಡಿ. ಹೆನ್ರಿ, ಮೇಸನ್, ಮ್ಯಾಡಿಸನ್, ರಾಂಡಾಲ್ಫ್, ಮನ್ರೋ ಪಾತ್ರಗಳನ್ನು ಚೀಟಿ ಎತ್ತಿ ಹಂಚಿ, ಉಳಿದವರು ತೀರ್ಮಾನ ಮಾಡದ ಪ್ರತಿನಿಧಿಗಳು. ನಿಯಮ ಮೂರು: 1788ರ ಜೂನ್ ನಂತರದ ಯಾವ ಸಂಗತಿಯನ್ನೂ ಹೇಳುವಂತಿಲ್ಲ, ಒಬ್ಬರಿಗೆ ಐದೇ ನಿಮಿಷ, ಮತ ಕೊಡುವ ಮುನ್ನ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ತಿದ್ದುಪಡಿ ಬರೆದು ಮಡಚಿ ಇಡಬೇಕು. ಮತ ಆದ ಮೇಲೆ ಚೀಟಿ ಬಿಚ್ಚಿ.

ನಮ್ಮ ಓದುಗೂಟದಲ್ಲಿ ಹನ್ನೊಂದು ಜನ ಇದ್ದೆವು. ಸಂವಿಧಾನ 6–5ರಲ್ಲಿ ಬಿದ್ದುಹೋಯಿತು, ರಾಂಡಾಲ್ಫ್ ಪಾತ್ರದವರು ಚರಿತ್ರೆಗೆ ಜಗ್ಗದೆ ವಿರುದ್ಧವೇ ಮತ ಹಾಕಿದ್ದರು. ಚೀಟಿ ಬಿಚ್ಚಿದಾಗ ಎಂಟರಲ್ಲಿ ಇದ್ದದ್ದು ವಾಕ್ ಸ್ವಾತಂತ್ರ್ಯ. ಒಂದರಲ್ಲಿ ತೆರಿಗೆ, ಒಂದರಲ್ಲಿ ಗುಲಾಮಗಿರಿಯ ನಿಷೇಧ. ಹನ್ನೊಂದನೆಯದು ಖಾಲಿ ಇತ್ತು, ಅದು ಹ್ಯಾಮಿಲ್ಟನ್ನನ್ನು ಬಹಳ ಮೆಚ್ಚಿಕೊಂಡಿದ್ದ ನಮ್ಮ ಗೆಳೆಯರದು.